ಮನೆ ಮಾತು, ಶಾಲೆ ಪಾಠ, ಮುಂದಿನ ದಾರಿ: ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟೀಚರ್‌ಗಳದ್ದೇ, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನ ಮಾತ್ರ ತಗೊಂಡಿದೀನಿ. ಬರೆದವರ ಹೆಸರು, ಶಾಲೆ ಹೆಸರು ಯಾವ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ವಿಜಯನಗರ ಜಿಲ್ಲೆಯ ಒಂದು ಸರ್ಕಾರಿ ಶಾಲೆಲಿ ಟೀಚರ್. ಪಕ್ಕದ ತಾಂಡಾದಿಂದ ಬರೋ ಮಕ್ಕಳು ಒಂದನೇ ಎರಡನೇ ಕ್ಲಾಸಲ್ಲಿ ಬಾಯೇ ಬಿಡಲ್ಲ. ಶಾಲೆಲಿ ಲಂಬಾಣಿ ಮಾತಾಡ್ಬಾರ್ದು, ಆಗ್ಲೇ ಕನ್ನಡ ಬೇಗ ಬರುತ್ತೆ ಅಂತ ಎಚ್ಚೆಮ್ ಸರ್ ರೂಲ್ ಮಾಡಿದಾರೆ. ಯಾರ ಹತ್ರಾನೂ ಹೇಳದ ವಿಷ್ಯ ಏನಂದ್ರೆ ನಾನೂ ತಾಂಡಾದವಳೇ. ಮದುವೆ ಆಗಿ ಟೌನಲ್ಲಿದೀನಿ, ಹೆಸರಲ್ಲಿ ಗೊತ್ತಾಗಲ್ಲ, ಸ್ಟಾಫ್ ರೂಮಲ್ಲಿ ತಾಂಡಾದವರ ಬಗ್ಗೆ ಮಾತು ಬಂದಾಗ ತಲೆ ತಗ್ಗಿಸಿ ನೋಟ್ಸ್ ತಿದ್ದುತಾ ಕೂತಿರ್ತೀನಿ. ಮಕ್ಕಳ ಜೊತೆ ನಮ್ಮ ಮಾತಲ್ಲಿ ಮಾತಾಡಿದ್ರೆ ಎಲ್ರಿಗೂ ಗೊತ್ತಾಗಿಬಿಡುತ್ತೆ. ಏನ್ ಮಾಡ್ಲಿ?

ಉತ್ತರ: ನೋಡಮ್ಮ, ಮೊದ್ಲು ಮಕ್ಕಳ ವಿಷ್ಯ ಹೇಳ್ತೀನಿ, ನಿನ್ನ ವಿಷ್ಯ ಆಮೇಲೆ.

ಲಂಬಾಣಿ ಮಾತಂದ್ರೆ ಹರಕುಮುರುಕು ಕನ್ನಡ, ತಿದ್ದಿದ್ರೆ ಸರಿ ಹೋಗುತ್ತೆ ಅಂತ ಎಷ್ಟೋ ಮೇಷ್ಟ್ರು ನಂಬ್ಕೊಂಡಿದಾರೆ. ಲಂಬಾಣಿಗೆ ಗೋರ್ ಬೋಲಿ ಅಂತಲೂ ಹೆಸರು, ಅದು ರಾಜಸ್ಥಾನದ ಕಡೆಯ ಭಾಷೆಗಳಿಗೆ ಹತ್ರದ್ದು, ಕನ್ನಡ ದ್ರಾವಿಡ ಭಾಷೆ, ಎರಡರ ಮೂಲವೇ ಬೇರೆ. ಮನೇಲಿ ಯಾಡಿ ಯಾಡಿ ಅಂತ ಅಮ್ಮನ ಹಿಂದೆ ಓಡಾಡ್ಕೊಂಡಿದ್ದ ಆರು ವರ್ಷದ ಮಗು ಒಂದನೇ ಕ್ಲಾಸಲ್ಲಿ ಬಂದು ಕೂತ್ರೆ ಟೀಚರ್ ಹೇಳೋದ್ರಲ್ಲಿ ಬಹಳಷ್ಟು ಅದಕ್ಕೆ ತಿಳಿಯೋದೇ ಇಲ್ಲ, ತಿಳಿದಷ್ಟಕ್ಕೆ ಉತ್ತರ ಕೊಡೋಣ ಅಂದ್ರೆ ಗೊತ್ತಿರೋ ಒಂದೇ ಭಾಷೆಗೆ ಬ್ಯಾನ್ ಬಿದ್ದಿದೆ. ಮಗು ಬಾಯಿ ಬಿಡದೆ ಇನ್ನೇನ್ ಮಾಡ್ಬೇಕು ಹೇಳು. ಆಮೇಲೆ ಅದೇ ಮಗುನ ನಾವೇ 'ಕಲಿಕೇಲಿ ಹಿಂದೆ' ಅಂತ ಬರ್ಕೊಳ್ಳೋದು.

ಎಚ್ಚೆಮ್ ಅವರ ಜೊತೆ ಜಗಳ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಪ್ರಿಂಟ್ ತೆಗೆಸಿ ಟೇಬಲ್ ಮೇಲಿಡು. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೇಲಿ ಕಲಿಸ್ಬೇಕು, ಮಗುಗೆ ಭಯ ಆತಂಕ ಇರಬಾರ್ದು, ಎರಡೂ ಅದೇ ಸೆಕ್ಷನ್ನಲ್ಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತೀಲೂ ಕನಿಷ್ಠ ಐದನೇ ಕ್ಲಾಸಿನ ತನಕ ಮನೆ ಭಾಷೆ ಅಂತ ಇದೆ, ಸಾಧ್ಯ ಇರೋ ಕಡೆ ಅನ್ನೋ ಮಾತು ಸೇರಿಸಿದಾರೆ ಅನ್ನು. ಮಕ್ಕಳಿಗೆ ಕನ್ನಡ ಬರಬೇಕು ಅನ್ನೋ ಅವರ ಆಸೆ ನಿಜವಾದದ್ದೇ, ನಿನ್ನ ಆಸೆನೂ ಅದೇ, ದಾರಿ ಮಾತ್ರ ಬೇರೆ, ಹೀಗೆ ಹೇಳಿದ್ರೆ ಕೇಳ್ತಾರೆ ಅಂತ ನನಗನ್ಸುತ್ತೆ.

ಕ್ಲಾಸಲ್ಲಿ ಮಾಡೋದು ಕಷ್ಟ ಏನಿಲ್ಲ. ಕಥೆ ಮೊದ್ಲು ಗೋರ್ ಬೋಲಿಲಿ, ಆಮೇಲೆ ಅದೇ ಕಥೆ ಕನ್ನಡದಲ್ಲಿ. ನಲಿ ಕಲಿ ಅನ್ನೋ ಚಟುವಟಿಕೆ ಪಾಠದ ಕಾರ್ಡಲ್ಲಿರೋ ಚಿತ್ರಕ್ಕೆ ಮಕ್ಕಳು ಮನೆ ಮಾತಲ್ಲಿ ಹೆಸರು ಹೇಳ್ಲಿ, ನೀನದನ್ನ ಕನ್ನಡ ಅಕ್ಷರದಲ್ಲೇ ಬೋರ್ಡ್ ಮೇಲೆ ಬರಿ, ಗೋರ್ ಬೋಲಿಗೆ ಸ್ವಂತ ಲಿಪಿ ಇಲ್ಲ, ಇಲ್ಲಿ ಕನ್ನಡದಲ್ಲಿ ಬರೀತಾರೆ, ತೆಲಂಗಾಣದಲ್ಲಿ ತೆಲುಗಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರೀಲಿ. ತನ್ನ ಮಾತು ಕನ್ನಡ ಅಕ್ಷರದಲ್ಲಿ ಬೋರ್ಡ್ ಮೇಲೆ ಕಂಡ ಮಗು ಆ ಅಕ್ಷರಾನ ಮರೆಯಲ್ಲ. ಅಜ್ಜಿ ಒಬ್ರನ್ನ ಶನಿವಾರ ಶಾಲೆಗೆ ಕರ್ಸು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ, ನಿಮ್ಮಲ್ಲಿಗೆ ದೂರ ಇಲ್ಲ, ಆದ್ರೆ ಅಷ್ಟು ದೂರ ಹೋಗೋದೂ ಬೇಡ, ತಾಂಡಾದ ಯಾವ ಹಿರಿ ಹೆಂಗಸಿನ ಹಳೇ ಬಟ್ಟೆ ತಂದ್ರೂ ಅದ್ರಲ್ಲಿ ತ್ರಿಕೋನ, ಚೌಕ, ಸಮ್ಮಿತಿ ಎಲ್ಲಾ ಸಿಗುತ್ತೆ. ಮೇಜರ್‌ಮೆಂಟ್ ಬರೆಯೋಕ್ ಬಾರದ ಅಜ್ಜಿ ಹೊಲಿಗೆ ಎಣಿಸಿ ಎಣಿಸಿ ಹಾಕಿರೋ ಡಿಸೈನ್ ಮುಂದಿಟ್ಟು ಗಣಿತ ಮಾಡಿಸು, ಊರಿನ ಮಕ್ಕಳು ಕೂಡ ಅದನ್ನ ನೋಡಿ ಕಲೀತಾರೆ.

ಇನ್ನೊಂದು. ದೀಪಾವಳಿ ಮುಗೀತಿದ್ದ ಹಾಗೆ ನಿಮ್ ಕಡೆ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಅಂತ ಗುಳೇ ಹೋಗ್ತಾರೆ, ಮಕ್ಕಳೂ ಹೋಗ್ತಾರೆ. ಹಬ್ಬಕ್ಕೆ ಮುಂಚೆನೇ ಮನೆಮನೆಗೆ ಹೋಗಿ ಯಾವ ಮಗು ಅಜ್ಜಿ ಹತ್ರ ಉಳೀಬಹುದು, ಯಾರಿಗೆ ಋತುಮಾನ ವಸತಿ ಶಾಲೆ ಬೇಕು ಅಂತ ಪಟ್ಟಿ ಮಾಡಿ ತಾಲೂಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಕೊಡು, ಶಾಲೆಯ ಎಸ್‌ಡಿಎಂಸಿ ಸಮಿತಿ ಮೀಟಿಂಗಲ್ಲೂ ಬರೆಸು. ಹೋಗೇ ಹೋಗೋ ಮಕ್ಕಳ ಕೈಲಿ ಸ್ಯಾಟ್ಸ್ (ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ನಂಬರ್ ಬರೆದ ಚೀಟಿ ಇರ್ಲಿ, ಹೋದ ಊರಿನ ಶಾಲೆಯವ್ರು ಅದನ್ನ ನೋಡಿ ಸೇರಿಸ್ಕೊಳ್ಳೋಕೆ ಸಲೀಸಾಗುತ್ತೆ.

ಈಗ ನಿನ್ನ ವಿಷ್ಯ. ತಾಂಡಾದವಳು ಅಂತ ಹೇಳ್ಕೊಳ್ಳೋದು ಬಿಡೋದು ಪೂರ್ತಿ ನಿನ್ನದು, ಯಾರೂ ಹೇಳು ಅನ್ನೋ ಹಾಗಿಲ್ಲ, ನಾನೂ ಅನ್ನಲ್ಲ. ಸ್ಟಾಫ್ ರೂಮಲ್ಲಿ ನಡೆಯೋ ಮಾತು ಎಂಥದ್ದು ಅಂತ ನನಗೆ ಚೆನ್ನಾಗಿ ಗೊತ್ತು, ಅಲ್ಲಿ ಸುಮ್ನೆ ಕೂತಿದ್ದಕ್ಕೆ ನೀನು ಹೇಡಿ ಆಗಲ್ಲ. ಆದ್ರೆ ಒಂದು ಮಾತು, ಆ ಮಕ್ಕಳಿಗೆ ನಮ್ಮ ತಾಂಡಾದವರೂ ಟೀಚರ್ ಆಗ್ತಾರೆ ಅನ್ನೋದು ಗೊತ್ತೇ ಇಲ್ಲ, ಕಣ್ಣೆದುರಿಗೆ ನೀನಿದ್ರೂ ಗೊತ್ತಿಲ್ಲ. ಸ್ಟಾಫ್ ರೂಮಿಗೆ ಏನೂ ಘೋಷಣೆ ಮಾಡ್ಬೇಡ. ಬೆಳಿಗ್ಗೆ ಅಳ್ತಾ ಬರೋ ಒಂದು ಮಗು ಹತ್ರ ಕೂತು ನಿಮ್ಮ ಮಾತಲ್ಲೇ ಊಟ ಆಯ್ತಾ ಅಂತ ಕೇಳು. ಎಲ್ಲಿ ಕಲಿತ್ರಿ ಮೇಡಂ ಅಂತ ಯಾರಾದ್ರೂ ಕೇಳಿದ್ರೆ ಆವತ್ತು ನಿನಗೆ ಏನ್ ಹೇಳ್ಬೇಕು ಅನ್ಸುತ್ತೋ ಅದನ್ನ ಹೇಳು. ನನ್ನ ಆಸೆ ಕೇಳಿದ್ರೆ, ಒಂದಿನ ನೀನು ತಲೆ ಎತ್ತಿ ಹೇಳ್ಬೇಕು ಅಂತಲೇ.

ಪ್ರಶ್ನೆ: ಯಲ್ಲಾಪುರ ತಾಲೂಕಿನ ಹೈಸ್ಕೂಲ್ ಒಂದ್ರಲ್ಲಿ ಸಮಾಜ ವಿಜ್ಞಾನ ಶಿಕ್ಷಕ. ನಮ್ಮಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿದಾರೆ. ಯಾವ ಕಾರ್ಯಕ್ರಮ ಇದ್ರೂ ಅತಿಥಿಗಳೆದುರು ಅವರದ್ದೇ ಡಾನ್ಸ್, ಸ್ಪೋರ್ಟ್ಸ್ ಅಂದ್ರೆ ಅವರೇ ಓಡ್ಬೇಕು. ನಾವು ಇದನ್ನ ಪ್ರೋತ್ಸಾಹ ಅಂತಲೇ ತಿಳ್ಕೊಂಡಿದ್ವಿ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿ 'ಸರ್ ನಂಗೆ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಹೋಗ್ಬೇಕು, ಡಾನ್ಸ್ ಬೇಡ' ಅಂದ್ಲು. ಉಳಿದ ಮಕ್ಕಳು ಅವರ ಕೂದಲು, ಬಣ್ಣ ಹಿಡ್ಕೊಂಡು ಅಡ್ಡ ಹೆಸರಿಡೋದೂ ಇದೆ.

ಉತ್ತರ: ಸರ್, ಆ ಹುಡುಗಿನ ಈ ವರ್ಷವೇ ವಸ್ತು ಪ್ರದರ್ಶನಕ್ಕೆ ಕಳಿಸಿ. ಬಾಕಿ ಎಲ್ಲ ಆಮೇಲೆ.

ಡಮಾಮಿ ಕುಣಿತ ಆಗ್ಲಿ, ಕೌದಿ ಹೊಲಿಗೆ ಆಗ್ಲಿ, ಸಿದ್ದಿಗಳ ಸ್ವಂತ ಆಸ್ತಿ, ಮಕ್ಕಳಿಗೆ ಅದರ ಮೇಲೆ ಪ್ರೀತಿ ಇದ್ರೆ ಮಾಡ್ಲಿ, ಖುಷಿಯಾಗಿ ಮಾಡ್ಲಿ. ತೊಂದ್ರೆ ಎಲ್ಲಿ ಅಂದ್ರೆ ಆ ಮಕ್ಕಳನ್ನ ಶಾಲೆ ಬೇರೆ ಯಾವ ಕೆಲಸಕ್ಕೂ ಕರೆಯದೇ ಇದ್ದಾಗ. ಓಟದ ವಿಷ್ಯದಲ್ಲಿ ನಿಮ್ಮ ಜಿಲ್ಲೆಗೇ ಒಂದು ಹಳೇ ಕಥೆ ಇದೆ, 1980ರ ದಶಕದಲ್ಲಿ ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾದವ್ರು ವಿಶೇಷ ಯೋಜನೆ ಅಂತ ಸಿದ್ದಿ ಹುಡುಗ ಹುಡುಗೀರನ್ನ ಆರಿಸಿ ಕರ್ಕೊಂಡ್ ಹೋಗಿ ತರಬೇತಿ ಕೊಟ್ರು, ರಾಷ್ಟ್ರ ಮಟ್ಟದ ಪದಕನೂ ಬಂತು, ಆಮೇಲೆ ಯೋಜನೆ ನಿಂತೇ ಹೋಯ್ತು. ಆಟ ಒಂದನ್ನೇ ನಂಬಿ ಹೋದವರಲ್ಲಿ ಎಷ್ಟೋ ಜನ ವಾಪಸ್ ಕೂಲಿಗೇ ಬಂದ್ರು. ಅದಕ್ಕೇ ಓಡೋ ಹುಡುಗನ ಹಾಜರಿ, ಗಣಿತ, ಇಂಗ್ಲಿಷು ಇವನ್ನೂ ಕೋಚ್ ಥರಾನೇ ಬೆನ್ನು ಹತ್ತಿ ನೋಡ್ಬೇಕು.

ಅಡ್ಡ ಹೆಸರಿನ ವಿಷ್ಯದಲ್ಲಿ ನೀವು ಸಮಾಜ ವಿಜ್ಞಾನದವ್ರು ಅನ್ನೋದು ಒಳ್ಳೇದೇ ಆಯ್ತು. ಬೈದು ಪ್ರಯೋಜನ ಇಲ್ಲ, ಇಡೀ ಕ್ಲಾಸಿಗೆ ಇತಿಹಾಸ ಹೇಳಿ. ಪೋರ್ಚುಗೀಸರು ಬಂದ್ರು, ಗೋವಾ ಹಿಡಿದ್ರು, ಮೆಣಸು ಸಾಗಿಸಿದ್ರು ಅಂತ ಪಾಠ ಮಾಡ್ತೀವಲ್ಲ, ಅವರ ಹಡಗಲ್ಲಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರಾಗಿ ಬಂದ ಮನುಷ್ಯರೂ ಇದ್ರು, ಅವರಲ್ಲಿ ತಪ್ಪಿಸ್ಕೊಂಡವ್ರು ನಿಮ್ಮ ಘಟ್ಟದ ಕಾಡು ಸೇರಿ ಬದುಕು ಕಟ್ಕೊಂಡ್ರು ಅನ್ನೋದನ್ನ ಅದೇ ಪಾಠದ ಜೊತೆ ಹೇಳಿ, ಮ್ಯಾಪಲ್ಲಿ ತೋರ್ಸಿ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತ ಪೂರ್ತಿ ಕೈಗೆ ತಗೊಂಡು ಜಹಾಂಗೀರನ ಸೈನ್ಯಾನೇ ತಡೆದು ನಿಲ್ಲಿಸಿದ, 1626ರಲ್ಲಿ ತೀರ್ಕೊಂಡ. ನಮ್ಮ ಬಿಜಾಪುರದ ಆದಿಲ್‌ಶಾಹಿ ದರ್ಬಾರಲ್ಲಿ ಇಖ್ಲಾಸ್ ಖಾನ್ ಅನ್ನೋ ಹಬ್ಶಿ, ಅಂದ್ರೆ ಆಫ್ರಿಕಾ ಮೂಲದ ಮಂತ್ರಿ ಇದ್ದ, ಗೋಲಗುಮ್ಮಟದಲ್ಲಿ ಮಲಗಿರೋ ಮುಹಮ್ಮದ್ ಆದಿಲ್ ಶಾನ ಕಾಲದವ್ನು. ಟ್ರಿಪ್ಪಿಗೆ ಬಿಜಾಪುರಕ್ಕೆ ಕರ್ಕೊಂಡ್ ಹೋದ್ರೆ ಗುಮ್ಮಟದಲ್ಲಿ ಕೂಗಿಸಿ ಬರೋದಷ್ಟೇ ಆಗ್ಬಾರ್ದು, ಇದನ್ನೂ ಹೇಳಿ.

ಇತಿಹಾಸ ಹೇಳೋವಾಗ ಸಿದ್ದಿ ಮಕ್ಕಳನ್ನ ಎದ್ದು ನಿಲ್ಸಿ 'ಇವರ ಪೂರ್ವಜರು' ಅಂತ ತೋರಿಸ್ಬೇಡಿ ಮಾತ್ರ. ಅವರೂ ಉಳಿದವರ ಹಾಗೆ ಬೆಂಚಲ್ಲಿ ಕೂತು ಕೇಳ್ಲಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದದ್ದು, ಇದೆಲ್ಲ ಪೌರನೀತಿ ಪಾಠಕ್ಕೆ ನಿಮ್ಮ ಊರಿನ ಉದಾಹರಣೆ. ಇಷ್ಟೆಲ್ಲ ಆದ್ಮೇಲೂ ಅಡ್ಡ ಹೆಸರು ನಿಲ್ಲಲಿಲ್ಲ ಅಂದ್ರೆ ಕರೆಯೋ ಹುಡುಗನ ಮನೆಯವರನ್ನ ಕರೆಸಿ ಮಾತಾಡಿ, ಮಕ್ಕಳು ತಮಾಷೆ ಮಾಡ್ತಾರೆ ಬಿಡಿ ಅಂತ ತಳ್ಳಿ ಹಾಕಬೇಡಿ.

ಪ್ರಶ್ನೆ: ಸ್ಕಾಲರ್‌ಶಿಪ್ ಮಾಹಿತಿಗೆ ಕ್ಲಾಸಲ್ಲಿ 'ಎಸ್ಸಿ ಎಲ್ಲ ಎದ್ದು ನಿಲ್ರಿ, ಎಸ್ಟಿ ಎಲ್ಲ ಎದ್ದು ನಿಲ್ರಿ' ಅಂತ ಕೇಳೋದು ತಪ್ಪಾ? ಬೇಗ ಆಗುತ್ತೆ ಅಂತ ಮಾಡ್ತೀವಿ.

ಉತ್ತರ: ತಪ್ಪು. ದಯವಿಟ್ಟು ನಿಲ್ಲಿಸಿ. ದಾಖಲಾತಿ ರಿಜಿಸ್ಟರಲ್ಲಿ, ಸ್ಯಾಟ್ಸಲ್ಲಿ ಎಲ್ಲಾ ಇದೆ, ನೋಡಿ ಪಟ್ಟಿ ಮಾಡ್ಕೊಳ್ಳಿ, ಏನಾದ್ರೂ ಕಮ್ಮಿ ಇದ್ರೆ ಮಗುನ ಒಂಟಿಯಾಗಿ ಕರೆದು ಕೇಳಿ ಇಲ್ಲಾ ಪೋಷಕರಿಗೆ ಫೋನ್ ಮಾಡಿ. ಎಸ್‌ಎಸ್‌ಪಿ ಅನ್ನೋ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಬೇಕಾಗೋದು ಜಾತಿ ಮತ್ತೆ ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರು, ಅದು ನಾಡಕಚೇರಿಯಿಂದ ಬರ್ಬೇಕು, ಕ್ಲಾಸಲ್ಲಿ ಎದ್ದು ನಿಂತ್ರೆ ಬರಲ್ಲ. ಕೂಲಿ ಬಿಟ್ಟು ನಾಡಕಚೇರಿಗೆ ಅಲೆಯೋಕೆ ಆಗದ ತಂದೆ ತಾಯಿಗೆ ಅರ್ಜಿ ತುಂಬಿ ಕೊಡಿ, ಅದೇ ದೊಡ್ಡ ಸಹಾಯ.

ಪ್ರಶ್ನೆ: ಚಾಮರಾಜನಗರ ಜಿಲ್ಲೆಯ ಆಶ್ರಮ ಶಾಲೆಲಿ ಕೆಲಸ ಮಾಡ್ತೀನಿ ಅಕ್ಕ. ಸೋಲಿಗರ ಮಕ್ಕಳು ರೊಟ್ಟಿ ಹಬ್ಬಕ್ಕೆ ಅಂತ ತಮ್ಮ ಹಾಡಿಗೆ, ಅಂದ್ರೆ ಪೋಡಿಗೆ ಹೋದ್ರೆ ವಾರಗಟ್ಟಲೆ ಬರಲ್ಲ. ಬೈದು ಕರ್ಕೊಂಡ್ ಬರ್ತೀವಿ. ಒಬ್ಬ ಹುಡುಗಿ ಬಂದಾಗಿಂದ ಸರಿಯಾಗಿ ಊಟ ಮಾಡ್ತಿಲ್ಲ, ನೋಟ್ ಬುಕ್ಕಿನ ಹಿಂದೆ 'ನಾನು ಇರೋದೇ ಬೇಡ' ಅಂತ ಬರೆದಿದ್ದು ನೋಡ್ದೆ. ಹೆದರಿಕೆ ಆಗ್ತಿದೆ. ಕೇಳಿದ್ರೆ ಇನ್ನೂ ಹೆಚ್ಚಾಗುತ್ತೇನೋ ಅಂತ ಸುಮ್ನಿದೀನಿ.

ಉತ್ತರ: ಸುಮ್ನಿರಬೇಡಿ, ಇವತ್ತೇ ಮಾತಾಡಿ. ಈ ಪತ್ರಕ್ಕೆ ನಾನು ಫೋನಲ್ಲೇ ಉತ್ತರ ಕೊಟ್ಟಿದೀನಿ, ಬೇರೆಯವರಿಗೂ ಬೇಕಾಗುತ್ತೆ ಅಂತ ಇಲ್ಲಿ ಹಾಕ್ತಿರೋದು.

ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗಿ ಕೇಳಿದ್ರೆ ಮಗುಗೆ ಆ ಯೋಚನೆ ಹೊಸದಾಗಿ ಬರಲ್ಲ, ಇದನ್ನ ಮನೋವೈದ್ಯರು ಮತ್ತೆ ಮತ್ತೆ ಹೇಳಿದಾರೆ. ಯಾರೂ ಇಲ್ಲದ ಜಾಗದಲ್ಲಿ ಪಕ್ಕ ಕೂತು 'ನೋಟ್ ಬುಕ್ಕಲ್ಲಿ ಬರೆದಿದ್ದು ನೋಡ್ದೆ ಪುಟ್ಟಿ, ನಂಗೆ ನಿನ್ನ ಬಗ್ಗೆ ಚಿಂತೆ ಆಯ್ತು' ಅಂತ ಶುರು ಮಾಡಿ, ಆಮೇಲೆ ಅವಳು ಮಾತಾಡ್ಲಿ, ಮಧ್ಯ ಬುದ್ಧಿ ಹೇಳ್ಬೇಡಿ, ಅಪ್ಪ ಅಮ್ಮ ಎಷ್ಟು ಕಷ್ಟಪಡ್ತಾರೆ ಗೊತ್ತಾ ಅನ್ನೋ ಮಾತಂತೂ ಬೇಡವೇ ಬೇಡ. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ, 'ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ' ಅನ್ನಿ. ರಾತ್ರಿ ಒಂಟಿಯಾಗಿ ಬಿಡ್ಬೇಡಿ. ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ, ಯಾವ ಹೊತ್ತಲ್ಲಾದ್ರೂ ಎತ್ತುತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, 2022ರಿಂದ ನಡೀತಿದೆ, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಾಸ್ಟೆಲಲ್ಲಿ ಯಾರಾದ್ರೂ ತೊಂದ್ರೆ ಕೊಡ್ತಿದಾರೆ ಅಂತ ಮಗು ಹೇಳಿದ್ರೆ 1098 ಮಕ್ಕಳ ಸಹಾಯವಾಣಿಗೆ ಹೇಳಿ, ಅದನ್ನ ಒಳಗೊಳಗೇ ಮುಚ್ಚೋಕೆ ಯಾರು ಹೇಳಿದ್ರೂ ಒಪ್ಕೋಬೇಡಿ. ತಂದೆ ತಾಯೀನ ಕರೆಸಿ, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಜೊತೇಲಿ ನೀವೂ ಹೋಗಿ ಬನ್ನಿ.

ರೊಟ್ಟಿ ಹಬ್ಬದ ವಿಷ್ಯಕ್ಕೆ ಬರೋಣ. ಹೊಸ ರಾಗಿ ಬಂದಾಗ ಇಡೀ ಪೋಡು ಸೇರಿ ಹಾಡಿ ಕುಣಿಯೋ ಹಬ್ಬ ಅದು. ದಸರಾಕ್ಕೆ ರಜೆ ಕೊಡೋ ನಾವು ಅದಕ್ಕೆ ಹೋದ ಮಕ್ಕಳನ್ನ ಬೈದು ಎಳ್ಕೊಂಡ್ ಬರೋದು ನನಗೆ ಸರಿ ಕಾಣಲ್ಲ. ಹಬ್ಬ ಯಾವಾಗ ಅಂತ ಹಿರಿಯರನ್ನ ಮೊದ್ಲೇ ಕೇಳಿ ಸ್ಥಳೀಯ ರಜೆ ಹೊಂದಿಸಿ, ಸಾಧ್ಯ ಆದ್ರೆ ನೀವೂ ಹೋಗಿ, ವಾಪಸ್ ಬರೋ ದಿನ ಅಲ್ಲೇ ಮಾತಾಗ್ಲಿ. ಮನೆಗೆ ಬಂದ ಟೀಚರಿಗೆ ಕೊಟ್ಟ ಮಾತು ಮಕ್ಕಳು ಸಾಮಾನ್ಯವಾಗಿ ಉಳಿಸ್ಕೊಳ್ತಾರೆ.

ಈ ಮಕ್ಕಳಿಗೆ ಶಾಲೆ ಯಾಕೆ ಒಗ್ಗಲ್ಲ ಅಂದ್ರೆ, ಅವರಿಗೆ ಗೊತ್ತಿರೋದನ್ನ ಅಲ್ಲಿ ಯಾರೂ ಕೇಳಲ್ಲ. ತರಗು ಬೆಂಕಿ ಅಂತ ಸೋಲಿಗರು ಮೊದ್ಲು ಬೇಸಿಗೆ ಶುರುವಲ್ಲಿ ನೆಲದ ಒಣ ಎಲೆ ಸುಡ್ತಿದ್ರು, ಅದು ನಿಂತ್ಮೇಲೇನೇ ಕಾಡಲ್ಲಿ ಲಂಟಾನ ಈ ಪಾಟಿ ಹಬ್ಬಿದ್ದು, ನೆಲ್ಲಿ ಮರಕ್ಕೆ ಬದನಿಕೆ ಅನ್ನೋ ಪರಾವಲಂಬಿ ಗಿಡ ಹತ್ತಿದ್ದು ಅನ್ನೋದು ಹಿರಿಯರ ಮಾತು, ಸಂಶೋಧಕರೂ ಅದನ್ನ ಕೂತು ಕೇಳಿ ಬರೆದಿದಾರೆ. ಎಂಟನೇ ಕ್ಲಾಸಿಗೆ ಇದಕ್ಕಿಂತ ಒಳ್ಳೆ ವಿಜ್ಞಾನದ ಪ್ರಾಜೆಕ್ಟ್ ಬೇಕಾ? ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ತು, ಹುಲಿ ಅಭಯಾರಣ್ಯದ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದೇ ಮೊದ್ಲು. ಸೋಲಿಗರೇ ಆದ ಸಿ. ಮಾದೇಗೌಡರು ಪಿಎಚ್‌ಡಿ ಮಾಡಿ ಈ ಕಾಡು, ಈ ಹಕ್ಕುಗಳ ಬಗ್ಗೆನೇ ಕೆಲಸ ಮಾಡಿದಾರೆ. ಓದಿದ್ರೆ ಪೋಡು ಬಿಟ್ಟೇ ಹೋಗ್ಬೇಕು ಅನ್ನೋ ಭಯ ಮಕ್ಕಳಿಗೂ ಇದೆ, ಅವರ ಅಪ್ಪ ಅಮ್ಮಂದಿರಿಗೂ ಇದೆ, ಓದಿ ಪೋಡಿಗೇ ಕೆಲಸಕ್ಕೆ ಬಂದವ್ರು ಇದಾರೆ ಅಂತ ಗೊತ್ತಾಗ್ಬೇಕು.

ಪ್ರಶ್ನೆ: ಮಕ್ಕಳ ಕಷ್ಟ ಕೇಳಿ ಕೇಳಿ ರಾತ್ರಿ ನಿದ್ದೆ ಬರ್ತಿಲ್ಲ. ಸಮೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ಮುಗಿಸಿ ಇದಕ್ಕೆ ಟೈಮ್ ಎಲ್ಲಿ?

ಉತ್ತರ: ನಿಮ್ಮ ಸಿಟ್ಟು ಸರಿಯಾದದ್ದೇ. ಒಬ್ರೇ ಎಲ್ಲ ಮಕ್ಕಳ ಭಾರ ಹೊರೋಕಾಗಲ್ಲ. ಶಾಲೆಲಿ ನಂಬಿಕೆ ಇರೋ ಇನ್ನೊಬ್ರ ಜೊತೆ ಹಂಚ್ಕೊಳ್ಳಿ, ಮಕ್ಕಳ ಹೆಸರು ಬೇರೆ ಕಡೆ ಹೋಗದ ಹಾಗೆ. 14416 ಟೀಚರ್‌ಗಳಿಗೂ ಇದೆ, ಸಂಕೋಚ ಬೇಡ. ಕ್ಲಾಸ್ ಟೈಮಲ್ಲಿ ಎಂಟ್ರಿ ಕೆಲಸ ಹೇರೋದನ್ನ ಸಂಘದ ಮೂಲಕ ಬರವಣಿಗೇಲೇ ಕೇಳಿ, ಬಾಯಿ ಮಾತಲ್ಲಿ ಗೊಣಗಿದ್ದಕ್ಕೆ ಯಾರೂ ಉತ್ತರ ಕೊಡಲ್ಲ.

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಟೀಚರ್. ಮಕ್ಕಳ ಸಂಖ್ಯೆ ಇಳೀತಾ ಇದೆ. ಕನ್ನಡದಲ್ಲಿ ಓದಿ ಕೇರಳದಲ್ಲಿ ಏನು ಭವಿಷ್ಯ ಅಂತ ಪೋಷಕರು ಕೇಳ್ತಾರೆ. ಭಾಷಾಭಿಮಾನದ ಭಾಷಣ ಮಾಡಿ ನನಗೇ ಸಾಕಾಗಿದೆ. ನಿಜವಾಗ್ಲೂ ಏನು ಹೇಳ್ಬಹುದು?

ಉತ್ತರ: ಪೋಷಕರ ಪ್ರಶ್ನೆ ನ್ಯಾಯವಾದ್ದು, ಅದಕ್ಕೆ ಅಭಿಮಾನದ ಉತ್ತರ ಸಾಲಲ್ಲ ಅಂತ ನಿಮಗೆ ಅನ್ಸಿದ್ದೂ ಸರಿ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯ್ತು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರ್ಬೇಕು ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿದ್ರೂ ಆಗ್ಲಿಲ್ಲ. ಆ ನೋವನ್ನ ಹೊತ್ಕೊಂಡು ಬದುಕಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಲ್ಲಿ ಮೇಷ್ಟ್ರು, 2015ರಲ್ಲಿ ನೂರು ತುಂಬಿ ತೀರ್ಕೊಂಡ್ರು. ಮಂಜೇಶ್ವರದ ಗೋವಿಂದ ಪೈಗಳ ಮನೆ ಈಗ್ಲೂ ಇದೆ, ಮಕ್ಕಳನ್ನ ಕರ್ಕೊಂಡ್ ಹೋಗಿ. ಆದ್ರೆ ಇವತ್ತು ನಿಮ್ಮ ಕ್ಲಾಸಲ್ಲಿ ಕೂತಿರೋ ಮಗು ಮನೇಲಿ ತುಳು ಮಾತಾಡುತ್ತೋ, ಹವ್ಯಕ ಕನ್ನಡವೋ, ಬ್ಯಾರಿಯೋ, ಕೊಂಕಣಿಯೋ, ಮರಾಠಿಯೋ ನೋಡಿ, ಸಪ್ತಭಾಷೆಗಳ ಊರು ಅಂತ ಕರೆಸ್ಕೊಂಡ ಜಿಲ್ಲೆ ನಿಮ್ಮದು. ಮಲಯಾಳದ ಮೇಲೆ ಸಿಟ್ಟು ಕಲಿಸಿ ಕನ್ನಡ ಉಳಿಸ್ತೀವಿ ಅನ್ನೋದು ಆ ಮಕ್ಕಳಿಗೆ ಮೋಸ. ಕನ್ನಡ ಬಾರದ ಟೀಚರ್‌ಗಳನ್ನ ಕನ್ನಡ ಶಾಲೆಗೆ ಹಾಕಿದಾಗ ಮಕ್ಕಳು ಪೋಷಕರು ಬೀದಿಗಿಳಿದ್ರಲ್ಲ, ಅದು ಹಕ್ಕಿನ ಪ್ರಶ್ನೆ, ಅದಕ್ಕೆ ಹೋರಾಡ್ಲೇಬೇಕು, ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಕೊಡಿ ಅಂತ ರಾಜ್ಯಗಳಿಗೆ ಹೇಳುತ್ತೆ. ಹೋರಾಟದ ಜೊತೆಗೇ ಮಕ್ಕಳು ಮಲಯಾಳ ಚೆನ್ನಾಗಿ ಓದಿ ಬರೆಯೋ ಹಾಗೆ ನೋಡ್ಕೊಳ್ಳಿ, ಆಫೀಸು ಆಸ್ಪತ್ರೆ ಎಲ್ಲ ಕಡೆ ಬೇಕದು.

ಪೋಷಕರ ಮೀಟಿಂಗಲ್ಲಿ ದಾರಿಗಳನ್ನ ಬಿಡಿಸಿ ಹೇಳಿ. ಕೇರಳದ ಎಸ್ಸೆಸ್ಸೆಲ್ಸಿನ ಕನ್ನಡದಲ್ಲೇ ಬರೀಬಹುದು. ಕನ್ನಡ ಬಲ್ಲವರಿಗೆ ಅಂತಲೇ ಕೇರಳ ಪಿಎಸ್‌ಸಿ ಕೆಲವು ಹುದ್ದೆ ಕರೆಯುತ್ತೆ, ಕನ್ನಡ ಮೀಡಿಯಂ ಟೀಚರ್ ಹುದ್ದೆ, ಕ್ಲರ್ಕ್ ಹುದ್ದೆ, ಎರಡೂ ಭಾಷೆ ಬಲ್ಲ ಹುಡುಗರು ಅದಕ್ಕೆ ತಯಾರಾಗ್ಬಹುದು. ಕಾಸರಗೋಡು ಸರ್ಕಾರಿ ಕಾಲೇಜಲ್ಲಿ ಕನ್ನಡ ಎಂಎ ತನಕ ಇದೆ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆ ಇದೆ, ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಆಗಿರ್ಬೇಕು, ಮನೆ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರ್ದು, ಪಾಸಾಗಿ ಆಯ್ಕೆಯಾದ್ರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ತನಕ ವರ್ಷಕ್ಕೆ 12,000 ರೂಪಾಯಿ.

ಬಹಳ ಜನಕ್ಕೆ ಗೊತ್ತೇ ಇಲ್ಲದ್ದು ಇನ್ನೊಂದಿದೆ. ಕರ್ನಾಟಕದ ಸಿಇಟಿಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಅಂತ ಅರ್ಹತೆಯ ನಿಯಮ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರೇ ಅದ್ರಲ್ಲಿದೆ, ಮಾತೃಭಾಷೆ ಕನ್ನಡ, ತುಳು, ಕೊಡವ ಅಥವಾ ಬ್ಯಾರಿ ಆಗಿರ್ಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸೋ ಕನ್ನಡ ಭಾಷಾ ಪರೀಕ್ಷೆನೂ ಬರೀಬೇಕು. ಅಂದ್ರೆ ಕನ್ನಡ ಓದ್ಕೊಂಡಿದ್ದೇ ನಿಮ್ಮ ಹುಡುಗರಿಗೆ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಸೀಟಿಗೆ ಒಂದು ದಾರಿ. ವ್ಯಾಸಂಗ ಪ್ರಮಾಣ ಪತ್ರ, ವಾಸದ ದಾಖಲೆ ಇವೆಲ್ಲ ಬೇಕಾಗುತ್ತೆ, ಆಯಾ ವರ್ಷದ ಕೆಇಎ ಬ್ರೋಷರಲ್ಲಿ ಪೂರ್ತಿ ಪಟ್ಟಿ ಇರುತ್ತೆ, ಡೌನ್‌ಲೋಡ್ ಮಾಡಿ ಆ ಪುಟಗಳನ್ನ ನೋಟಿಸ್ ಬೋರ್ಡಿಗೆ ಹಚ್ಚಿ. ಎಂಟನೇ ಕ್ಲಾಸಿನ ಪೋಷಕರಿಗೇ ಇದನ್ನ ಹೇಳಿಬಿಡಿ, ಪ್ಲಸ್ ಟು ಮುಗಿದ್ಮೇಲೆ ಹಳೇ ಶಾಲೆಗಳಿಗೆ ಅಲೆದು ಕಾಗದ ತರೋ ಹೊತ್ತಿಗೆ ಅರ್ಜಿ ಹಾಕೋ ಕೊನೇ ದಿನ ದಾಟಿರುತ್ತೆ.